ಸಪ್ಪೊರೊ ಹಿಮ ಹಬ್ಬಕ್ಕೆ ಹೊರಟಿದ್ದೀರಾ? ಮೊದಲು ಶೂ ನೋಡಿಕೊಳ್ಳಿ

ಜಪಾನಿನ ಸಪ್ಪೊರೊಗೆ ಹೋಗಿ ನಾನು ಮಾಡಿದ ಮೊದಲ ಕೆಲಸ ಬಿದ್ದದ್ದು. ಮೆಟ್ರೋ ಮೆಟ್ಟಿಲು ಹತ್ತಿ ಮೇಲೆ ಬಂದೆ, ಕತ್ತೆತ್ತಿ ಟಿವಿ ಟವರ್ ನೋಡುತ್ತಾ ಜೀಬ್ರಾ ಪಟ್ಟಿ ಮೇಲೆ ಕಾಲಿಟ್ಟೆ, ನೋಡಿದರೆ ಬೆನ್ನಡಿ ರಸ್ತೆ. ದಪ್ಪ ಜರ್ಕಿನ್ ಇದ್ದದ್ದರಿಂದ ಪೆಟ್ಟಾಗಲಿಲ್ಲ, ಮಾನ ಮಾತ್ರ ಹೋಯಿತು. ಎದುರಿಂದ ಬರುತ್ತಿದ್ದ ಅಜ್ಜಿಯೊಬ್ಬರು ನಾನು ಎದ್ದು ನಿಲ್ಲುವವರೆಗೂ ಕಾದರು. ಆಮೇಲೆ ರಸ್ತೆ ಮೂಲೆಯಲ್ಲಿದ್ದ ಪೆಟ್ಟಿಗೆ ತೆರೆದು, ಒಳಗಿಂದ ಪುಟ್ಟ ಚೀಲ ತೆಗೆದು, ಅದರಲ್ಲಿದ್ದ ಒರಟು ಮರಳನ್ನು ನಾನು ಬಿದ್ದ ಜಾಗಕ್ಕೆ ಉದುರಿಸಿದರು. ನಮ್ಮಲ್ಲಿ ಬೆಳಿಗ್ಗೆ ರಂಗೋಲಿ ಪುಡಿ ಬಿಡುತ್ತಾರಲ್ಲ, ಹಾಗೆ. ಖಾಲಿ ಚೀಲ ಮಡಚಿ ಇಟ್ಟುಕೊಂಡು ತಮ್ಮ ಪಾಡಿಗೆ ಹೊರಟರು.

ಇಂಥ ಮರಳಿನ ಪೆಟ್ಟಿಗೆಗಳು ಊರಿನ ಎಷ್ಟೋ ಕ್ರಾಸಿಂಗ್‌ಗಳಲ್ಲಿವೆ. ಯಾರು ಬೇಕಾದರೂ ತೆಗೆದು ಚೆಲ್ಲಬಹುದು. ಹುಟ್ಟಿದಾಗಿನಿಂದ ಹಿಮದಲ್ಲೇ ನಡೆದವರು ಇಷ್ಟು ಎಚ್ಚರ ವಹಿಸುವಾಗ, ಬೆಂಗಳೂರಿನ 15 ಡಿಗ್ರಿಗೇ ಸ್ವೆಟರ್ ಹಾಕುವ ನಾವು ಎಷ್ಟರವರು, ಅಲ್ವಾ?

ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಕ್ಯಾಮೆರಾಗಿಂತ ಕಾಲಿನ ಮಾತು ಜಾಸ್ತಿ. ಹಿಮ ಹಬ್ಬಕ್ಕೆ ಟಿಕೆಟ್ ಇಲ್ಲ. ನೀವು ತೆರಬೇಕಾದದ್ದು ನಡಿಗೆ. ದಿನಕ್ಕೆ ಐದಾರು ಗಂಟೆ, ಜಾರುವ ನೆಲದ ಮೇಲೆ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ. ಕಾಲು ಬೆಚ್ಚಗೆ, ಒಣಗಿ ಇದ್ದರೆ ರಾತ್ರಿ ಹತ್ತರವರೆಗೂ ಖುಷಿಯಾಗಿ ಸುತ್ತಬಹುದು. ಸಾಕ್ಸ್ ಒದ್ದೆಯಾದರೆ ಅರ್ಧ ಗಂಟೆಯಲ್ಲಿ ರೂಮಿಗೆ ಹೋಗೋಣ ಅನ್ನಿಸುತ್ತದೆ.

ಇದು ಯಾವ ಹಬ್ಬ?

ಜಪಾನಿನ ಉತ್ತರ ತುದಿಯ ದೊಡ್ಡ ದ್ವೀಪ ಹೊಕ್ಕೈಡೊ. ಅದರ ರಾಜಧಾನಿ ಸಪ್ಪೊರೊ. ಅಲ್ಲಿ ಪ್ರತಿ ಫೆಬ್ರವರಿಯಲ್ಲಿ ನಡೆಯುವುದು ಯುಕಿ ಮತ್ಸುರಿ. ಯುಕಿ ಅಂದರೆ ಹಿಮ, ಮತ್ಸುರಿ ಅಂದರೆ ಹಬ್ಬ. ಶುರುವಾದದ್ದು 1950ರಲ್ಲಿ. ಊರಿನ ಹಿಮವನ್ನೆಲ್ಲ ತಂದು ಸುರಿಯುತ್ತಿದ್ದ ಓದೋರಿ ಪಾರ್ಕಿನಲ್ಲಿ ಶಾಲಾ ಹುಡುಗರು ಆರು ಹಿಮದ ಶಿಲ್ಪ ಮಾಡಿದರು. ಅಷ್ಟಕ್ಕೇ ಸುಮಾರು 50 ಸಾವಿರ ಜನ ಸೇರಿದರಂತೆ. 1955ರಲ್ಲಿ ಜಪಾನಿನ ಆತ್ಮರಕ್ಷಣಾ ಪಡೆ, ಅಂದರೆ ಅವರ ಸೈನ್ಯ, ಕೈ ಹಾಕಿತು. ಅಲ್ಲಿಂದ ಶಿಲ್ಪಗಳು ಕಟ್ಟಡದ ಗಾತ್ರಕ್ಕೆ ಬೆಳೆದವು. 1972ರಲ್ಲಿ ಸಪ್ಪೊರೊದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದ ಮೇಲೆ ಹೊರದೇಶದವರಿಗೂ ಈ ಹಬ್ಬ ಗೊತ್ತಾಯಿತು. ಈಗ ವಾರದಲ್ಲಿ 20 ಲಕ್ಷ ದಾಟಿ ಜನ ಬರುತ್ತಾರೆ.

ದಿನ ಗೊತ್ತು ಮಾಡಿಕೊಳ್ಳಿ

ಹಬ್ಬ ಎಂಟು ದಿನದ್ದು. 2024, 2025, 2026ರಲ್ಲಿ ಫೆಬ್ರವರಿ 4ರಿಂದ 11ರವರೆಗೆ ನಡೆಯಿತು. ಸರಿಯಾದ ದಿನಾಂಕವನ್ನು ಹಬ್ಬದ ಅಧಿಕೃತ ತಾಣದಲ್ಲಿ ನೋಡಿಯೇ ವಿಮಾನದ ಟಿಕೆಟ್ ಮಾಡಿಸಿ.

ಎಂಟರಲ್ಲಿ ಯಾವ ದಿನ? ನನ್ನ ಮಾತು ಕೇಳುವುದಾದರೆ ಮೊದಲ ಮೂರು ದಿನ, ಅದೂ ಶನಿವಾರ, ಭಾನುವಾರ ಬಿಟ್ಟು. ಶಿಲ್ಪದ ಅಂಚುಗಳು ಆಗಿನ್ನೂ ಚೂಪಾಗಿರುತ್ತವೆ. ಒಂದು ದಿನ ಬಿಸಿಲು ಜೋರಾಗಿ ಹೊಡೆದರೂ ಸಾಕು, ಮೂಗು, ಬೆರಳು, ಕಿರೀಟದ ತುದಿ ಎಲ್ಲ ಮೊಂಡಾಗುತ್ತವೆ. ಇನ್ನೊಂದು ಕಾರಣವೂ ಇದೆ. ಬೇರೆ ಬೇರೆ ದೇಶದ ತಂಡಗಳ ಹಿಮಶಿಲ್ಪ ಸ್ಪರ್ಧೆ 1974ರಿಂದ ನಡೆದುಕೊಂಡು ಬಂದಿದೆ. ಆ ತಂಡಗಳು ಹಬ್ಬದ ಮೊದಲ ದಿನಗಳಲ್ಲಿ ನಿಮ್ಮ ಕಣ್ಣೆದುರೇ ಕೆತ್ತುತ್ತಿರುತ್ತವೆ. ಮುಗಿದ ಶಿಲ್ಪ ನೋಡುವುದಕ್ಕಿಂತ ಇದೇ ನನಗೆ ಜಾಸ್ತಿ ಇಷ್ಟವಾಯಿತು.

ಫೆಬ್ರವರಿ 11 ಜಪಾನಿನಲ್ಲಿ ಸರಕಾರಿ ರಜೆ. ಅವತ್ತು ಕಾಲಿಡಲು ಜಾಗ ಇರುವುದಿಲ್ಲ. ಚೀನೀಯರ ಹೊಸ ವರ್ಷ ಅದೇ ವಾರ ಬಿದ್ದರೆ ರೂಮಿನ ಬಾಡಿಗೆ ಇನ್ನೂ ಮೇಲೆ.

ಎಷ್ಟು ದಿನ ಬೇಕು ಅಂದರೆ, ಮೂರು ರಾತ್ರಿ ಸಾಕು. ಒಂದು ದಿನವನ್ನಂತೂ ಕೈಯಲ್ಲಿ ಖಾಲಿ ಇಟ್ಟುಕೊಳ್ಳಿ. ಜೋರು ಹಿಮ ಬಿದ್ದರೆ ವಿಮಾನ, ರೈಲು ಎರಡೂ ನಿಲ್ಲುತ್ತವೆ. ವಾಪಸ್ ಬೆಂಗಳೂರಿನ ವಿಮಾನ ಇರುವ ದಿನವೇ ಬೆಳಿಗ್ಗೆ ಸಪ್ಪೊರೊ ಬಿಡುವ ಯೋಜನೆ ಬೇಡವೇ ಬೇಡ.

ವೀಸಾ, ವಿಮಾನ, ರೂಮು

ಮೊದಲು ರೂಮು, ಆಮೇಲೆ ಉಳಿದದ್ದು. ಮೈಸೂರಿನಲ್ಲಿ ದಸರಾ ವಾರ ರೂಮು ಹುಡುಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಬ್ಬದ ವಾರ ಬಾಡಿಗೆ ಎರಡು ಪಟ್ಟು, ಮೂರು ಪಟ್ಟು ಏರುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲೇ, ದುಡ್ಡು ಕಳೆದುಕೊಳ್ಳದೆ ರದ್ದು ಮಾಡಬಹುದಾದ ರೂಮು ಹಿಡಿದಿಡಿ. ಸಪ್ಪೊರೊ ಸ್ಟೇಷನ್, ಓದೋರಿ, ಸುಸುಕಿನೊ, ಈ ಮೂರರ ಮಧ್ಯೆ ಎಲ್ಲಿ ಸಿಕ್ಕರೂ ಸರಿ. ಈ ಮೂರನ್ನೂ ಜೋಡಿಸುವ ನೆಲದಡಿಯ ಕಾಲುದಾರಿಗೆ ಹತ್ತಿರ ಇದೆಯೇ ಅಂತ ನಕ್ಷೆಯಲ್ಲಿ ನೋಡಿ. ಜಪಾನಿನ ಹೋಟೆಲ್ ರೂಮು ಚಿಕ್ಕದು, ಎರಡು ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟರೆ ನಡೆಯಲು ಜಾಗವಿಲ್ಲ. ಊರೊಳಗೆ ಏನೂ ಸಿಗದಿದ್ದರೆ ಒತಾರು ಅಥವಾ ಚಿತೋಸೆಯಲ್ಲಿ ಉಳಿದು ರೈಲಿನಲ್ಲಿ ಓಡಾಡಬಹುದು.

ವೀಸಾ ಈಗ ಸ್ವಲ್ಪ ಸುಲಭವಾಗಿದೆ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಪ್ರವಾಸಕ್ಕೆ ಇ-ವೀಸಾ ಕೊಡುತ್ತಿದ್ದಾರೆ. ಅರ್ಜಿಯನ್ನು ಮಾತ್ರ ಮೊದಲಿನ ಹಾಗೆ ವಿಎಫ್‌ಎಸ್ ಕೇಂದ್ರದ ಮೂಲಕವೇ ಹಾಕಬೇಕು. ಪ್ರವಾಸದ ದಿನಚರಿ, ರೂಮಿನ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್ ಜೋಡಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಸ್ಟಿಕ್ಕರ್ ಇರುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಫೋನಿನಲ್ಲಿ ಇಂಟರ್‌ನೆಟ್ ಹಾಕಿ ವೀಸಾ ಪುಟವನ್ನೇ ತೆರೆದು ತೋರಿಸಬೇಕು. ಪ್ರಿಂಟ್, ಸ್ಕ್ರೀನ್‌ಶಾಟ್ ಒಪ್ಪುವುದಿಲ್ಲ. ಹಾಗಾಗಿ ಸಿಮ್ ವ್ಯವಸ್ಥೆ ಹೊರಡುವ ಮೊದಲೇ ಆಗಿರಲಿ.

ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ಅಲ್ಲಿಂದ ಸಪ್ಪೊರೊದ ನ್ಯೂ ಚಿತೋಸೆ ನಿಲ್ದಾಣಕ್ಕೆ ಒಂದೂವರೆ ಗಂಟೆ ಚಿಲ್ಲರೆ. ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಚಿತೋಸೆಗೆ ಹೋಗುವ ವಿಮಾನಗಳಲ್ಲಿ ಹೆಚ್ಚಿನವು ಹೊರಡುವುದು ಟೋಕಿಯೊದ ಇನ್ನೊಂದು ನಿಲ್ದಾಣ ಹನೇದಾದಿಂದ. ನರಿತಾದಲ್ಲಿ ಇಳಿದು ಹನೇದಾಗೆ ಹೋಗಲು ಒಂದೂವರೆ, ಎರಡು ಗಂಟೆ ಬೇಕು. ನರಿತಾದಿಂದಲೇ ಹೋಗುವ ಕಡಿಮೆ ದರದ ವಿಮಾನಗಳೂ ಇವೆ, ಮೊದಲು ಅವನ್ನು ನೋಡಿ. ಬ್ಯಾಂಕಾಕ್, ಹಾಂಗ್‌ಕಾಂಗ್, ತೈಪೆ ಮೂಲಕ ಟೋಕಿಯೊ ಮುಟ್ಟದೆ ನೇರ ಸಪ್ಪೊರೊಗೆ ಇಳಿಯುವ ದಾರಿಯೂ ಇದೆ. ಟೋಕಿಯೊದಿಂದ ರೈಲಿನಲ್ಲಿ ಹೋಗುತ್ತೇನೆ ಅಂದರೆ ಶಿಂಕನ್ಸೆನ್, ಅಂದರೆ ಬುಲೆಟ್ ರೈಲು, ಹೊಕ್ಕೈಡೊದ ದಕ್ಷಿಣದ ಊರು ಹಕೊದಾತೆಯ ಹತ್ತಿರದವರೆಗೆ ಮಾತ್ರ. ಅಲ್ಲಿ ಬೇರೆ ರೈಲು ಹತ್ತಬೇಕು, ಒಟ್ಟು ಎಂಟು ಗಂಟೆ. ರೈಲು ಹುಚ್ಚಿದ್ದರೆ ಮಾತ್ರ ಹೋಗಿ.

ನ್ಯೂ ಚಿತೋಸೆಯ ನೆಲಮಾಳಿಗೆಯಲ್ಲೇ ರೈಲ್ವೆ ಸ್ಟೇಷನ್. ಏರ್‌ಪೋರ್ಟ್ ರಾಪಿಡ್ ರೈಲಿನಲ್ಲಿ ಸಪ್ಪೊರೊಗೆ 40 ನಿಮಿಷ. ಕಿತಾಕಾ ಅಥವಾ ಸುಯಿಕಾ ಕಾರ್ಡಿಗೆ ದುಡ್ಡು ತುಂಬಿಸಿಕೊಂಡರೆ ರೈಲು, ಮೆಟ್ರೋ, ಟ್ರಾಮ್, ಅಂಗಡಿ ಎಲ್ಲ ಕಡೆ ನಡೆಯುತ್ತದೆ. ತಿಂಡಿ ಮಳಿಗೆಗಳಿಗೆ ಸ್ವಲ್ಪ ನೋಟು, ಚಿಲ್ಲರೆ ಇರಲಿ.

ಕಾಲಿಗೆ ಏನು, ಮೈಗೆ ಏನು

ಫೆಬ್ರವರಿ ಮೊದಲ ವಾರ ಸಪ್ಪೊರೊದಲ್ಲಿ ಹಗಲು ಸೊನ್ನೆ ಡಿಗ್ರಿ ಆಸುಪಾಸು, ರಾತ್ರಿ ಮೈನಸ್ 6, 7. ಗಾಳಿ ಬೀಸಿದರೆ ಮೈನಸ್ 15ರ ಹಾಗೆ ಕಚ್ಚುತ್ತದೆ. ಕೇಳಲು ಭಯ, ಆದರೆ ನಿಜವಾದ ತೊಂದರೆ ಬೇರೆ. ಹೊರಗೆ ಮೈನಸ್, ಅಂಗಡಿಯೊಳಗೆ ಹೀಟರ್ ಹಾಕಿ 23, 24 ಡಿಗ್ರಿ. ದಿನಕ್ಕೆ ಹತ್ತು ಸಲ ಒಳಗೆ ಹೊರಗೆ ಓಡಾಡುತ್ತೀರಿ. ಒಂದೇ ದಪ್ಪ ಸ್ವೆಟರ್ ತೊಟ್ಟವರು ಒಳಗೆ ಬೆವರಿ, ಹೊರಗೆ ಆ ಬೆವರು ತಣ್ಣಗಾಗಿ ನಡುಗುತ್ತಾರೆ. ಹಾಗಾಗಿ ಪದರ ಪದರವಾಗಿ ಹಾಕಿ: ಮೈಗಂಟಿದ ಥರ್ಮಲ್, ಅದರ ಮೇಲೆ ಉಣ್ಣೆಯದೋ ಫ್ಲೀಸ್‌ನದೋ ಒಂದು, ಹೊರಗೆ ಗಾಳಿ, ನೀರು ತಡೆಯುವ ಜರ್ಕಿನ್. ಒಳಪದರಕ್ಕೆ ಹತ್ತಿ ಬನಿಯನ್ ಬೇಡ, ಒದ್ದೆಯಾದರೆ ಒಣಗುವುದೇ ಇಲ್ಲ. ಜೀನ್ಸ್ ಒಂದನ್ನೇ ಹಾಕಬೇಡಿ, ಒಳಗೆ ಥರ್ಮಲ್ ಇರಲಿ.

ಮಂಕಿ ಕ್ಯಾಪ್ ತಗೊಳ್ಳಲು ನಾಚಿಕೆ ಬೇಡ. ಊಟಿಗೆ ಹೋಗುವಾಗ ಅಮ್ಮ ಬಲವಂತವಾಗಿ ಹಾಕಿಸುತ್ತಿದ್ದ ಅದೇ ಟೋಪಿ ಇಲ್ಲಿ ಕಿವಿ, ಗಂಟಲು ಎರಡನ್ನೂ ಕಾಪಾಡುತ್ತದೆ. ತಲೆಗೆ ಹಚ್ಚಲು ಒಯ್ದ ಕೊಬ್ಬರಿ ಎಣ್ಣೆ ಮಾತ್ರ ಬಾಟಲಿಯಲ್ಲೇ ಕಲ್ಲಾಗುತ್ತದೆ. ತುಟಿಗೆ ವ್ಯಾಸಲೀನ್ ಇಟ್ಟುಕೊಳ್ಳಿ.

ಈಗ ಶೂ. ಹಿಮ ಬಿದ್ದ ದಿನ ಜಾರುವುದಿಲ್ಲ, ಅದು ಹಿಟ್ಟಿನ ಹಾಗೆ ಮೆತ್ತಗಿರುತ್ತದೆ. ಮಧ್ಯಾಹ್ನ ಸ್ವಲ್ಪ ಕರಗಿ, ಸಂಜೆ ಮತ್ತೆ ಹೆಪ್ಪುಗಟ್ಟಿದಾಗ ರಸ್ತೆ ಗಾಜಾಗುತ್ತದೆ. ಅಲ್ಲಿನವರು ಅದಕ್ಕೆ ತ್ಸುರು ತ್ಸುರು ಅನ್ನುತ್ತಾರೆ, ಜಾರುವುದು ಕಿವಿಗೇ ಕೇಳಿಸುವಂಥ ಪದ. ಜೀಬ್ರಾ ಪಟ್ಟಿಯ ಬಿಳಿ ಬಣ್ಣದ ಜಾಗ, ಕಾರುಗಳು ನಿಂತು ಹೊರಡುವ ಸಿಗ್ನಲ್, ಅಂಗಡಿ ಬಾಗಿಲಿನ ಟೈಲ್ಸ್, ಮೆಟ್ರೋ ಮೆಟ್ಟಿಲಿನ ಬಾಯಿ, ಈ ನಾಲ್ಕು ಕಡೆ ಎಚ್ಚರ.

ನಿಮ್ಮ ಶೂ ಹಿಮ್ಮಡಿ ಗಂಟು ಮುಚ್ಚುವಷ್ಟು ಎತ್ತರ ಇರಬೇಕು, ನೀರು ಒಳಗೆ ಬಿಡಬಾರದು, ಅಡಿಯಲ್ಲಿ ಆಳವಾದ ಕಚ್ಚು ಇರಬೇಕು. ನೀರು ಬಿಡುವುದಿಲ್ಲ ಅಂತ ನಂಬಿಸಿ ನನಗೊಬ್ಬರು ಮಾರಿದ ಶೂ ಎರಡನೇ ದಿನವೇ ಸೋರಿತು. ಅದಕ್ಕೇ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಶೂ ಹಾಕಿಕೊಂಡು ಬಕೆಟ್‌ನಲ್ಲಿ ನಾಲ್ಕು ಬೆರಳು ನೀರಿಗೆ ಕಾಲಿಟ್ಟು ಹತ್ತು ನಿಮಿಷ ನಿಲ್ಲಿ. ಮನೆಯವರು ನಗುತ್ತಾರೆ, ನಗಲಿ. ಸಪ್ಪೊರೊದಲ್ಲೇ ಕೊಂಡರೆ ಅಲ್ಲಿನ ನೆಲಕ್ಕೆ ಸರಿಯಾದದ್ದು ಸಿಗುತ್ತದೆ ನಿಜ, ಆದರೆ ಅಳತೆ ಸೆಂಟಿಮೀಟರಿನಲ್ಲಿ, ದೊಡ್ಡ ಪಾದದವರಿಗೆ ಸಿಗುವುದು ಕಷ್ಟ.

ಶೂಗೆ ಹೊರಗಿನಿಂದ ಎಳೆದು ಹಾಕುವ ರಬ್ಬರಿನ ಮುಳ್ಳುಪಟ್ಟಿ ಸಿಗುತ್ತದೆ. ಸುಬೆರಿದೊಮೆ ಅಂತ ಕೇಳಿ, ಸ್ಟೇಷನ್ ಅಂಗಡಿ, ಕನ್ವೀನಿಯನ್ಸ್ ಸ್ಟೋರ್ ಎಲ್ಲ ಕಡೆ ಇದೆ. ನಾನು ಬಿದ್ದ ಮೇಲೆ ಮಾಡಿದ ಮೊದಲ ಖರೀದಿ ಅದೇ. ಒಂದು ಎಚ್ಚರ: ಕಟ್ಟಡದೊಳಗೆ ಹೋಗುವಾಗ ಬಿಚ್ಚಿ. ಲೋಹದ ಮುಳ್ಳು ಟೈಲ್ಸ್ ಮೇಲೆ ಐಸಿಗಿಂತ ಜಾಸ್ತಿ ಜಾರುತ್ತದೆ.

ಸಾಕ್ಸ್ ಉಣ್ಣೆಯದು, ದಪ್ಪದ್ದು, ಒಂದೇ ಜೊತೆ. ಚಳಿ ಅಂತ ಎರಡು ಜೊತೆ ತುರುಕಿದರೆ ಶೂ ಬಿಗಿಯಾಗಿ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತವೆ. ಬೆರಳಿಗೆ ಅಂಟಿಸುವ ಬಿಸಿ ಪ್ಯಾಕೆಟ್ ಸಿಗುತ್ತದೆ, ಕೈರೊ ಅನ್ನುತ್ತಾರೆ. ಒಳಗೆ ಕಬ್ಬಿಣದ ಪುಡಿ, ಗಾಳಿ ತಾಗಿದರೆ ಬಿಸಿಯಾಗುತ್ತದೆ. ಸಾಕ್ಸ್ ಮೇಲೆ ಅಂಟಿಸಿ, ಬರಿ ಚರ್ಮಕ್ಕೆ ಬೇಡ. ಗೊತ್ತೇ ಆಗದ ಹಾಗೆ ಸುಡುತ್ತದೆ.

ನಡಿಗೆ ಹೇಗೆ ಅಂದರೆ, ಪೆಂಗ್ವಿನ್ ಹಾಗೆ. ಪುಟ್ಟ ಹೆಜ್ಜೆ, ಇಡೀ ಅಂಗಾಲು ಒಟ್ಟಿಗೆ ನೆಲಕ್ಕೆ, ಮೈ ಸ್ವಲ್ಪ ಮುಂದಕ್ಕೆ. ಕೈ ಜೇಬಿನಲ್ಲಿ ಬೇಡ. ಬೆನ್ನಿಗೊಂದು ಬ್ಯಾಗ್ ಇದ್ದರೆ ಬಿದ್ದರೂ ತಲೆಗೆ ಏಟು ತಪ್ಪಬಹುದು. ಫೋನ್ ನೋಡಬೇಕಾದರೆ ನಿಂತು ನೋಡಿ.

ಊರಿನ ಲೆಕ್ಕ ಹಿಡಿಯುವುದು

ಸಪ್ಪೊರೊ ಚೌಕಾಬಾರ ಹಾಕಿದ ಹಾಗೆ ಚೊಕ್ಕ ಊರು. 1871ರಲ್ಲಿ ಬೆಂಕಿ ಹರಡದಿರಲಿ ಅಂತ ಊರಿನ ನಡುವೆ ಪೂರ್ವ ಪಶ್ಚಿಮವಾಗಿ ಅಗಲವಾದ ಪಟ್ಟಿ ಖಾಲಿ ಬಿಟ್ಟರು. ಅದೇ ಇವತ್ತಿನ ಓದೋರಿ ಪಾರ್ಕ್, ಸುಮಾರು ಒಂದೂವರೆ ಕಿಲೋಮೀಟರ್ ಉದ್ದ. ಅದರ ಮೇಲ್ಗಡೆ ಕಿತಾ, ಅಂದರೆ ಉತ್ತರ. ಕೆಳಗಡೆ ಮಿನಾಮಿ, ದಕ್ಷಿಣ. ಪಾರ್ಕಿನ ಬ್ಲಾಕ್‌ಗಳಿಗೆ ಪೂರ್ವದಿಂದ ಪಶ್ಚಿಮಕ್ಕೆ ನಿಶಿ 1 ಚೋಮೆ, ನಿಶಿ 2 ಚೋಮೆ ಅಂತ ನಂಬರ್. ಜಯನಗರದ ಬ್ಲಾಕು, ಮೇನು, ಕ್ರಾಸು ಅರೆದು ಕುಡಿದವರಿಗೆ ಇದೇನೂ ಕಷ್ಟವಲ್ಲ.

ಹಬ್ಬ ಮೂರು ಕಡೆ. ದೊಡ್ಡ ಹಿಮಶಿಲ್ಪಗಳು ಓದೋರಿಯಲ್ಲಿ. ಐಸಿನ ಶಿಲ್ಪಗಳು ಅಲ್ಲಿಂದ ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ಸಿಗುವ ಸುಸುಕಿನೊ ಬೀದಿಯಲ್ಲಿ. ಮಕ್ಕಳ ಜಾರುಬಂಡಿ ಊರಾಚೆಯ ತ್ಸುದೋಮ್ ಎಂಬ ದೊಡ್ಡ ಗುಮ್ಮಟದ ಆವರಣದಲ್ಲಿ.

ಇನ್ನೊಂದು ಊರು ನೆಲದಡಿಯಲ್ಲಿದೆ. ಸಪ್ಪೊರೊ ಸ್ಟೇಷನ್‌ನಿಂದ ಓದೋರಿಗೆ 2011ರಲ್ಲಿ ತೆರೆದ ಅಗಲವಾದ ಕಾಲುದಾರಿ, ಚಿಕಾಹೊ. ಓದೋರಿಯಿಂದ ಸುಸುಕಿನೊಗೆ ಪೋಲ್ ಟೌನ್ ಎಂಬ ಅಂಗಡಿ ಸಾಲು. ಮೇಲೆ ಹಿಮ ಸುರಿಯುತ್ತಿದ್ದರೂ ಒಳಗೆ ಜರ್ಕಿನ್ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯಬಹುದು. ಜೊತೆಗೆ ಹಿರಿಯರಿದ್ದರೆ ಈ ದಾರಿ ದೇವರು ಕೊಟ್ಟ ವರ. ನೋಡಲು ಮಾತ್ರ ಮೇಲೆ ಬನ್ನಿ, ಓಡಾಟವೆಲ್ಲ ಕೆಳಗೆ.

ಓದೋರಿ: ಹಗಲು ಒಮ್ಮೆ, ರಾತ್ರಿ ಒಮ್ಮೆ

ಎಲ್ಲರೂ ಟಿವಿ ಟವರ್ ಕಡೆಯಿಂದ ಶುರು ಮಾಡುತ್ತಾರೆ. ನೀವು ಉಲ್ಟಾ ಮಾಡಿ. ತೋಜಾಯಿ ಮಾರ್ಗದ ಮೆಟ್ರೋ ಹಿಡಿದು ನಿಶಿ 11 ಚೋಮೆ ಸ್ಟೇಷನ್‌ನಲ್ಲಿ ಇಳಿಯಿರಿ. (ಅಂದ ಹಾಗೆ ಇಲ್ಲಿನ ಮೆಟ್ರೋ ಓಡುವುದು ರಬ್ಬರ್ ಟೈರಿನ ಮೇಲೆ, ಕಿವಿಗೊಟ್ಟು ಕೇಳಿ.) ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಜನ ಕಡಿಮೆ. ಅಂತರರಾಷ್ಟ್ರೀಯ ಸ್ಪರ್ಧೆಯ ಜಾಗವೂ ಅದೇ. ದೊಡ್ಡ ಹಿಮದ ಗಡ್ಡೆಯನ್ನು ಕೆಲವೇ ಜನ ಗರಗಸ, ಉಳಿ, ಸಲಿಕೆಯಲ್ಲಿ ಕೆತ್ತುತ್ತಿರುತ್ತಾರೆ. ಹಿಮವೇ ಬೀಳದ ಥೈಲ್ಯಾಂಡ್ ತಂಡ ಇಲ್ಲಿ ಹಲವು ಸಲ ಗೆದ್ದಿದೆ ಅಂದರೆ ನಂಬುತ್ತೀರಾ? ಮೇಣ, ಹಣ್ಣು, ತರಕಾರಿ ಕೆತ್ತಿ ಪಳಗಿದ ಕೈ ಅವರದು.

ಅಲ್ಲಿಂದ ಪೂರ್ವಕ್ಕೆ ಬನ್ನಿ. ದಾರಿಯಲ್ಲಿ ಊರಿನ ಜನರೇ ಮಾಡಿದ ಪುಟ್ಟ ಶಿಲ್ಪಗಳ ಸಾಲು ಬರುತ್ತದೆ, ಆಳೆತ್ತರಕ್ಕಿಂತ ಸ್ವಲ್ಪ ದೊಡ್ಡವು. ಕಾರ್ಟೂನು, ಬೆಕ್ಕು, ಆ ವರ್ಷ ಸುದ್ದಿಯಲ್ಲಿದ್ದ ಆಟಗಾರ, ಹೀಗೆ. ಕೆಲವು ಮುದ್ದಾಗಿ ಸೊಟ್ಟಗಿರುತ್ತವೆ. ಅವಸರದಲ್ಲಿ ಇವನ್ನು ದಾಟಿ ಹೋಗಬೇಡಿ.

ಆಮೇಲೆ ದೊಡ್ಡವು. 15 ಮೀಟರಿನಷ್ಟು ಎತ್ತರ, ಅಂದರೆ ನಾಲ್ಕೈದು ಅಂತಸ್ತು. ಕೋಟೆ, ಅರಮನೆ, ರೈಲು, ಡೈನೋಸಾರ್. ಕಟ್ಟುವ ಬಗೆ ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ರಸ್ತೆ ಬದಿಯ ಹಿಮದಲ್ಲಿ ಮಣ್ಣು, ಹೊಗೆ ಸೇರಿರುತ್ತದೆ, ಅದಾಗದು. ಊರಾಚೆಯಿಂದ ಶುದ್ಧ ಹಿಮವನ್ನು ಜನವರಿಯಲ್ಲಿ ಲಾರಿಗಳಲ್ಲಿ ತರುತ್ತಾರೆ. ಮನೆಗೆ ಸೆಂಟ್ರಿಂಗ್ ಹೊಡೆಯುವ ಹಾಗೆ ಹಲಗೆ ಕಟ್ಟಿ, ಒಳಗೆ ಹಿಮ ಸುರಿದು, ತುಳಿದು ಗಟ್ಟಿ ಮಾಡುತ್ತಾರೆ. ಹಲಗೆ ಬಿಚ್ಚಿದ ಮೇಲೆ ಮೇಲಿನಿಂದ ಕೆಳಕ್ಕೆ ಕೆತ್ತನೆ. ಕಿಟಕಿ, ಹೆಂಚು, ಕಂಬದಂಥ ಸಣ್ಣ ಭಾಗಗಳನ್ನು ಬೇರೆ ಮಾಡಿ, ನೀರು ಕಲಸಿದ ಹಿಮವನ್ನು ಗಾರೆಯ ಹಾಗೆ ಮೆತ್ತಿ ಅಂಟಿಸುತ್ತಾರೆ. ಕೊನೆಗೆ ಬೆಳ್ಳಗಿನ ಹೊಸ ಹಿಮದ ಲೇಪ. ಅದಕ್ಕೆ ಅವರ ಹೆಸರು ಕೆಶೋ ಯುಕಿ, ಹಿಮದ ಮೇಕಪ್ಪು ಅನ್ನಿ.

ಬದಿಯಿಂದ ಬಿಸಿಲು ಬೀಳುವಾಗ, ಅಂದರೆ ಬೆಳಿಗ್ಗೆ ಹತ್ತರೊಳಗೆ, ಕೆತ್ತನೆಯ ಗೆರೆ ನೆರಳಲ್ಲಿ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಎಲ್ಲ ಬಿಳಿ ಬಿಳಿ, ಚಪ್ಪಟೆ. ಆ ಹೊತ್ತಿನಲ್ಲಿ ಊಟಕ್ಕೆ ಹೋಗಿ, ರೂಮಿನಲ್ಲಿ ಒಂದು ನಿದ್ದೆ ತೆಗೆಯಿರಿ.

ಸಂಜೆ ನಾಲ್ಕೂವರೆಗೆ ಮತ್ತೆ ಬನ್ನಿ. ಐದರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಆಮೇಲಿನ ಇಪ್ಪತ್ತು, ಮೂವತ್ತು ನಿಮಿಷ ಆಕಾಶ ಕಡುನೀಲಿ, ಹಿಮವೂ ನೀಲಿ, ದೀಪಗಳು ಆಗಷ್ಟೇ ಹತ್ತಿರುತ್ತವೆ. ಫೋಟೋ ತೆಗೆಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹಗಲಿನಲ್ಲಿ ಫೋನು ಹಿಮವನ್ನು ಬೂದಿ ಬಣ್ಣಕ್ಕೆ ತಿರುಗಿಸುತ್ತದೆ, ಪರದೆ ಮುಟ್ಟಿ ಬೆಳಕು ಸ್ವಲ್ಪ ಏರಿಸಿ. ಬ್ಯಾಟರಿ ಚಳಿಗೆ ಬೇಗ ಬೀಳುತ್ತದೆ, ಫೋನು, ಪವರ್ ಬ್ಯಾಂಕ್ ಎರಡೂ ಒಳಜೇಬಿನಲ್ಲಿರಲಿ. ಕ್ಯಾಮೆರಾ ಇದ್ದರೆ ಬೆಚ್ಚಗಿನ ಜಾಗಕ್ಕೆ ಹೋಗುವ ಮುಂಚೆ ಜಿಪ್ ಕವರಿಗೆ ಹಾಕಿ ಮುಚ್ಚಿ. ಇಲ್ಲದಿದ್ದರೆ ಲೆನ್ಸ್ ಮೇಲೆ ನೀರು ಕಟ್ಟುತ್ತದೆ.

ಓದೋರಿಯ ದೀಪ ರಾತ್ರಿ ಹತ್ತರವರೆಗೆ. ಕತ್ತಲಾದ ಮೇಲೆ ದೊಡ್ಡ ಶಿಲ್ಪಗಳ ಮೇಲೆ ಬೆಳಕಿನ ಚಿತ್ರ ಬಿಡುತ್ತಾರೆ, ಅದಕ್ಕೇ ಜನ ಒತ್ತುವುದು. ನಡೆಯುವ ದಿಕ್ಕಿಗೆ ಬಾಣ ಹಾಕಿರುತ್ತಾರೆ, ಎದುರಾಗಿ ಹೋಗಬೇಡಿ. ಎಂಟೂವರೆ ನಂತರ ಜನ ಕರಗುತ್ತಾರೆ. ಟಿವಿ ಟವರಿನ 90 ಮೀಟರ್ ಎತ್ತರದ ಅಟ್ಟದಿಂದ ಇಡೀ ಪಾರ್ಕು ಬೆಳಕಿನ ಕಾಲುವೆ ಹಾಗೆ ಕಾಣುತ್ತದೆ. ಅದಕ್ಕೆ ಟಿಕೆಟ್ ಇದೆ, ಸಂಜೆ ಉದ್ದ ಸಾಲೂ ಇದೆ.

ಸುಸುಕಿನೊ

ಇದು ಬಾರು, ನಿಯಾನ್ ಬೋರ್ಡುಗಳ ಬೀದಿ. ನಡುರಸ್ತೆಯಲ್ಲಿ ಐಸಿನ ಶಿಲ್ಪಗಳ ಸಾಲು. ಹಿಮ ಬೆಳಕನ್ನು ತಡೆಯುತ್ತದೆ, ಐಸು ಒಳಗೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಇಲ್ಲಿಗೆ ರಾತ್ರಿಯೇ ಬನ್ನಿ. ಜಪಾನಿನ ಐಸ್ ಫ್ಯಾಕ್ಟರಿಯ ಒಂದು ಗಡ್ಡೆ ಸಾಮಾನ್ಯವಾಗಿ 135 ಕಿಲೋ ತೂಗುತ್ತದೆ. ನಿಧಾನವಾಗಿ, ಗಾಳಿಯಾಡಿಸುತ್ತಾ ಹೆಪ್ಪುಗಟ್ಟಿಸುವುದರಿಂದ ಗಾಜಿನಷ್ಟು ತಿಳಿ. ಎರಡು ಗಡ್ಡೆ ಕೂಡಿಸಲು ಬರಿ ನೀರು ಸಾಕು, ಸುರಿದ ಕೂಡಲೇ ಕಚ್ಚಿಕೊಳ್ಳುತ್ತದೆ.

ಒಂದು ಗಡ್ಡೆಯೊಳಗೆ ಇಡೀ ಏಡಿ, ಸಾಲ್ಮನ್ ಮೀನು ಇಟ್ಟು ಹೆಪ್ಪುಗಟ್ಟಿಸಿರುತ್ತಾರೆ. ನಾನು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಏಡಿಯ ಕಾಲಿನ ಮುಳ್ಳುಗಳ ಸುತ್ತ ಸಾಸಿವೆ ಕಾಳಿನಷ್ಟು ಗಾಳಿಗುಳ್ಳೆ, ಹಿಂದಿನ ಬಾರಿನ ಕೆಂಪು ಬೋರ್ಡು ಒಂದೊಂದು ಗುಳ್ಳೆಯಲ್ಲೂ ಹೊಳೆಯುತ್ತಿತ್ತು. ಪಕ್ಕದಲ್ಲಿದ್ದ ಮಗು ನಾಲಿಗೆ ಹಾಕಲು ಹೋಗಿ ಅಮ್ಮನ ಕೈಲಿ ಬೈಸಿಕೊಂಡಿತು. ನಾಲಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ, ನೀವೂ ಪ್ರಯೋಗ ಮಾಡಬೇಡಿ. ಬೀದಿಯಲ್ಲಿ ಬಾರಿಗೆ ಕರೆಯುವವರು ಕಾಡುತ್ತಾರೆ, ನಕ್ಕು ಮುಂದೆ ಹೋಗಿ.

ಮಕ್ಕಳಿದ್ದರೆ ತ್ಸುದೋಮ್

ತೋಹೊ ಮೆಟ್ರೋದ ಕೊನೆಯ ಸ್ಟೇಷನ್ ಸಕಾಏಮಾಚಿ, ಅಲ್ಲಿಂದ ಕಾಲು ಗಂಟೆ ನಡಿಗೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ಟ್ಯೂಬಿನಲ್ಲಿ ಕೂತು ಹಿಮದ ಇಳಿಜಾರಲ್ಲಿ ಜಾರುವುದೇ ಇಲ್ಲಿನ ಆಟ. ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಸಾಲು ಚಿಕ್ಕದು. ಗುಮ್ಮಟದೊಳಗೆ ಬೆಚ್ಚಗೆ ಕೂತು ತಿನ್ನುವ ಜಾಗ ಇದೆ. ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡು ಬರಬೇಡಿ, ಚಕ್ರ ಹಿಮದಲ್ಲಿ ಹೂತುಕೊಳ್ಳುತ್ತದೆ. ಅಲ್ಲಿನ ಅಪ್ಪಂದಿರು ಮಕ್ಕಳನ್ನು ಪ್ಲಾಸ್ಟಿಕ್ ಸ್ಲೆಡ್ ಮೇಲೆ ಕೂರಿಸಿ ಹಗ್ಗದಲ್ಲಿ ಎಳೆದುಕೊಂಡು ಹೋಗುತ್ತಾರೆ. ನಾವು ಚಿಕ್ಕವರಿದ್ದಾಗ ಅಡಿಕೆ ಹಾಳೆಯಲ್ಲಿ ಕೂತು ಎಳೆಸಿಕೊಂಡ ಹಾಗೆ.

ಸಸ್ಯಾಹಾರಿಗಳ ಪಾಡು

ಮಾಂಸ, ಮೀನು ತಿನ್ನುವವರಿಗೆ ಸಪ್ಪೊರೊ ಸ್ವರ್ಗ: ಮಿಸೊ ರಾಮೆನ್, ಏಡಿ, ಜಿಂಗಿಸುಕಾನ್ ಎಂಬ ಕುರಿಮಾಂಸದ ಸುಟ್ಟಡುಗೆ. ಅವರಿಗೆ ನನ್ನ ಸಲಹೆ ಬೇಕಿಲ್ಲ.

ನಮ್ಮಂಥವರಿಗೆ ತೊಡಕು ಕಣ್ಣಿಗೆ ಕಾಣದ ಮೀನು. ದಾಶಿ ಎಂಬ ಸಾರು ಒಣಮೀನಿನದು, ತರಕಾರಿ ಪಲ್ಯದಲ್ಲೂ ಇರುತ್ತದೆ. ಸುಮ್ನೆ ವೆಜಿಟೇರಿಯನ್ ಅಂದರೆ ಸಾಲದು. ನಿಕು ತೊ ಸಕಾನಾ ವ ತಾಬೆಮಾಸೆನ್, ಅಂದರೆ ಮಾಂಸ, ಮೀನು ತಿನ್ನುವುದಿಲ್ಲ ಅಂತ ಹೇಳಿ, ಜೊತೆಗೆ ದಾಶಿಯೂ ಬೇಡ ಅನ್ನಿ. ಈ ಮಾತನ್ನು ಜಪಾನಿ ಲಿಪಿಯಲ್ಲಿ ಬರೆದ ಚೀಟಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಓದೋರಿಯ ಮಳಿಗೆಗಳಲ್ಲಿ ಧೈರ್ಯವಾಗಿ ತಿನ್ನಬಹುದಾದದ್ದು ಜಾಗಾ ಬಟಾ. ಬೇಯಿಸಿದ ಹೊಕ್ಕೈಡೊ ಆಲೂಗಡ್ಡೆ ಮೇಲೆ ಬೆಣ್ಣೆಯ ತುಂಡು. ಗ್ಲೌಸ್ ಬಿಚ್ಚಿ ಕೈಯಲ್ಲಿ ಹಿಡಿದರೆ ಬಿಸಿಯೂ ಆಯಿತು, ಹೊಟ್ಟೆಯೂ ತುಂಬಿತು. ನಮ್ಮ ಚಟ್ನಿಪುಡಿಯ ಪೊಟ್ಟಣ ಜೇಬಿನಲ್ಲಿತ್ತು, ಮೇಲೆ ಉದುರಿಸಿಕೊಂಡೆ. ಆಹಾ! ಜೋಳ, ಬಿಸಿ ಹಾಲು, ಸುಟ್ಟ ಗೆಣಸು ಕೂಡ ಹುಡುಕಿದರೆ ಸಿಗುತ್ತವೆ. ಹಾಲು, ಬೆಣ್ಣೆಗೆ ಹೊಕ್ಕೈಡೊ ಹೆಸರುವಾಸಿ. ಮೈನಸ್ಸಿನಲ್ಲೂ ಜನ ಸಾಲಲ್ಲಿ ನಿಂತು ಕೋನ್ ಐಸ್‌ಕ್ರೀಂ ತಿನ್ನುತ್ತಾರೆ.

ಸೂಪ್ ಕರಿ ಇದೇ ಊರಿನ ತಿಂಡಿ. ತೆಳ್ಳಗಿನ ಮಸಾಲೆ ಸಾರು, ದೊಡ್ಡ ದೊಡ್ಡ ತರಕಾರಿ ಹೋಳು, ಪಕ್ಕದಲ್ಲಿ ಅನ್ನ. ನಮ್ಮ ಸಾರಿನ ನೆನಪಾಗುತ್ತದೆ. ಖಾರ ಎಷ್ಟು ಅಂತ ನಂಬರಿನಲ್ಲಿ ಆರಿಸಬಹುದು. ಆದರೆ ತರಕಾರಿ ಕರಿಯ ಸಾರೂ ಹೆಚ್ಚಾಗಿ ಕೋಳಿ ಮೂಳೆಯದು. ವೀಗನ್ ಅಂತ ಬರೆದ ಅಂಗಡಿ ಹುಡುಕಿಯೇ ಹೋಗಿ.

ಮನೆಯಿಂದ ಅವಲಕ್ಕಿ, ಉಪ್ಪಿಟ್ಟಿನ ರೆಡಿ ಮಿಕ್ಸ್, ಪುಳಿಯೋಗರೆ ಗೊಜ್ಜು ತನ್ನಿ. ಹೋಟೆಲ್ ರೂಮುಗಳಲ್ಲಿ ಸಾಮಾನ್ಯವಾಗಿ ನೀರು ಕಾಯಿಸುವ ಕೆಟಲ್ ಇರುತ್ತದೆ. ಹಸಿ ಕರಿಬೇವು, ಹಣ್ಣು, ತರಕಾರಿ ಮಾತ್ರ ಒಯ್ಯಬೇಡಿ, ಸರ್ಟಿಫಿಕೇಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಮಾಂಸದ ಪದಾರ್ಥವಂತೂ ಇಲ್ಲವೇ ಇಲ್ಲ.

ಒಂದು ದಿನ ಜಾಸ್ತಿ ಇದ್ದರೆ

ಒತಾರು ರೈಲಿನಲ್ಲಿ ಮುಕ್ಕಾಲು ಗಂಟೆ ಒಳಗೆ. ಹಳೇ ಕಾಲುವೆ ದಂಡೆಯಲ್ಲಿ ಹಿಮದ ಗೂಡುಗಳೊಳಗೆ ಮೇಣದ ದೀಪ ಹಚ್ಚುವ ಹಬ್ಬ ಅದೇ ಫೆಬ್ರವರಿಯಲ್ಲಿ. ಸಪ್ಪೊರೊದ ಗದ್ದಲ ಸಾಕಾದವರಿಗೆ ಇದು ಹಿತ. ಬಲಗಡೆ ಕಿಟಕಿ ಹಿಡಿಯಿರಿ, ಸಮುದ್ರಕ್ಕೆ ತಾಗಿಕೊಂಡೇ ರೈಲು ಹೋಗುತ್ತದೆ.

ಅಸಹಿಕಾವ ಇನ್ನೂ ಚಳಿ. 1902ರ ಜನವರಿಯಲ್ಲಿ ಅಲ್ಲಿ ಮೈನಸ್ 41 ಡಿಗ್ರಿ ದಾಖಲಾಗಿತ್ತು. ಎಕ್ಸ್‌ಪ್ರೆಸ್ ರೈಲಿನಲ್ಲಿ ಒಂದೂವರೆ ಗಂಟೆ ಒಳಗೆ. ಅಲ್ಲಿಯೂ ಅದೇ ದಿನಗಳಲ್ಲಿ ಹಿಮ ಹಬ್ಬ ನಡೆಯುತ್ತದೆ. ಅಸಹಿಯಾಮ ಝೂನಲ್ಲಿ ಹಿಮ ಇರುವ ದಿನಗಳಲ್ಲಿ ಪೆಂಗ್ವಿನ್‌ಗಳನ್ನು ವಾಕಿಂಗ್ ಕರೆದುಕೊಂಡು ಹೊರಡುತ್ತಾರೆ. ಹೇಗೆ ನಡೆಯಬೇಕು ಅಂತ ಅವುಗಳನ್ನೇ ನೋಡಿ ಕಲಿಯಬಹುದು.

ಎಲ್ಲಿಗೂ ಹೋಗಲು ಮನಸ್ಸಿಲ್ಲದಿದ್ದರೆ ಸಪ್ಪೊರೊದ ಟ್ರಾಮ್ ಹತ್ತಿ ಒಂದು ಸುತ್ತು ಹಾಕಿ. ಬೆಳಿಗ್ಗೆ ಬೇಗ ಎದ್ದರೆ ಹಳಿಯ ಹಿಮ ಗುಡಿಸುವ ಟ್ರಾಮ್ ಕಾಣಬಹುದು. ಬಿದಿರು ಕಡ್ಡಿಗಳ ಪೊರಕೆ ಗಿರಗಿರ ತಿರುಗುತ್ತಾ ಬರುತ್ತದೆ, ಸಸಾರಾ ಅಂತ ಹೆಸರು. ಎಂಥೆಂಥ ಯಂತ್ರ ಮಾಡುವ ದೇಶ, ಕಡ್ಡಿ ಪೊರಕೆ ಮಾತ್ರ ಬಿಟ್ಟಿಲ್ಲ.

ಕೊನೆಗೆ

ರಾತ್ರಿ ರೂಮಿಗೆ ಬಂದ ಕೂಡಲೇ ಶೂ ಒಳಗಿನ ಅಟ್ಟೆ ಎಳೆದು ಹೊರಗಿಡಿ. ಶೂಗೆ ನ್ಯೂಸ್‌ಪೇಪರ್ ಉಂಡೆ ತುರುಕಿ, ಒಂದು ಗಂಟೆ ಬಿಟ್ಟು ಕಾಗದ ಬದಲಿಸಿ. ಹೀಟರಿಗೆ ತೀರಾ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ.

ಹಬ್ಬ ಮುಗಿದ ಮರುದಿನವೂ ಊರಿನಲ್ಲಿದ್ದರೆ ಬೆಳಿಗ್ಗೆ ಓದೋರಿಗೆ ಹೋಗಿ. ಕರಗಿ ಯಾರ ತಲೆ ಮೇಲಾದರೂ ಬೀಳಬಾರದಲ್ಲ, ಅದಕ್ಕೆ ಅವತ್ತೇ ಎಲ್ಲ ಒಡೆಯುತ್ತಾರೆ. ಮುಳ್ಳುಪಟ್ಟಿ ಹಾಕಿಕೊಂಡು, ಬೇಲಿಯ ಹೊರಗೆ ಜಾಗ ಹಿಡಿದು ನಿಲ್ಲಿ. ಯಂತ್ರದ ಹಲ್ಲು ಮೊದಲು ಮೆಲ್ಲಗೆ ತಾಗುತ್ತದೆ. ಒಂದು ತಿಂಗಳು ಕಟ್ಟಿದ ಗೋಪುರ ಎರಡು ಏಟಿಗೆ ಬುಸ್ ಅಂತ ಕೂತುಬಿಡುತ್ತದೆ. ನನ್ನ ಸುತ್ತ ಆಫೀಸಿಗೆ ಹೊರಟವರು ಬ್ಯಾಗ್ ಹಿಡಿದೇ ನಿಂತಿದ್ದರು, ಅಜ್ಜಂದಿರಂತೂ ಟೀ ಫ್ಲಾಸ್ಕ್ ಸಮೇತ ಬಂದಿದ್ದರು. ಜೆಸಿಬಿ ಕೆಲಸ ಮಾಡುವುದನ್ನು ನಿಂತು ನೋಡುವ ಚಟ ನಮ್ಮವರಿಗೆ ಮಾತ್ರ ಅಂದುಕೊಂಡಿದ್ದೆ.